ಕರೆಂಟ್ ದರ ಹಾಕೋರನ್ನ ಆರಿಸೋರು ಯಾರು? ಕಲಬುರಗಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಝೆರಾಕ್ಸ್, ಕೆಲಸ ಮಾತ್ರ ಅರ್ಜಿ ಬರೆಯುವುದೇ ಜಾಸ್ತಿ. ಪಹಣಿ ತಿದ್ದುಪಡಿ, ಪಿಂಚಣಿ, ಮೀಟರ್ ತಕರಾರು, ಮಾಹಿತಿ ಹಕ್ಕು, ಏನೇ ಇರಲಿ ಬರೆದುಕೊಡುತ್ತೇನೆ. ಪೇಪರ್‌ನಲ್ಲಿ ಕರೆಂಟ್ ದರದ ನೋಟಿಸ್ ಬಂತು ಅಂದ್ರೆ ಆಕ್ಷೇಪಣೆ ಬರೆಸಲು ಜನ ಬರುತ್ತಾರೆ. ನಾನು ಟೈಪ್ ಮಾಡುವ ಹೊತ್ತಿಗೆ ಅವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ. ದರ ಹಾಕುವ ಆಯೋಗದಲ್ಲಿ ಕೂತವರು ಯಾರು? ಕೂರಿಸಿದವರು ಯಾರು? ತಪ್ಪು ಮಾಡಿದರೆ ಕೇಳುವವರು ಯಾರು?

ಅಂಗಡಿಯಲ್ಲಿ ಕೇಳಿದ್ದು, ಪತ್ರ ಬರೆದು ಕೇಳಿದ್ದು, ಫೋನಿಗೆ ಕಳಿಸಿದ್ದು ಎಲ್ಲ ಸೇರಿಸಿ ಇಲ್ಲಿ ಇಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಬಿಟ್ಟಿದ್ದೇನೆ. ವಿದ್ಯುತ್ ಆಯೋಗದ ಬಗ್ಗೆ ಉದ್ದ ಬರೆದಿದ್ದೇನೆ, ಉಳಿದವುಗಳ ಬಗ್ಗೆ ಚುಟುಕು. ಜನ ಕೇಳುವುದೂ ಹಾಗೇ.

## ಶುರುವಿನ ಪ್ರಶ್ನೆಗಳು

"ಬಿಲ್ ಕೊಡೋದು ಜೆಸ್ಕಾಂ. ಮತ್ತ ಈ ಆಯೋಗ ಅಂದ್ರ ಯಾರ್ರಿ?"

ಜೆಸ್ಕಾಂ ಅಂದ್ರೆ ಕರೆಂಟ್ ಮಾರುವ ಕಂಪನಿ. ಸರ್ಕಾರದ್ದೇ ಕಂಪನಿ. 2002ರಲ್ಲಿ ಶುರುವಾಯಿತು, ಕೇಂದ್ರ ಕಚೇರಿ ನಮ್ಮ ಕಲಬುರಗಿಯಲ್ಲೇ ಇದೆ. ಆ ಕಂಪನಿ ಯೂನಿಟ್‌ಗೆ ಎಷ್ಟು ತಗೋಬೇಕು, ಸುಟ್ಟ ಟಿಸಿಯನ್ನು (ಟ್ರಾನ್ಸ್‌ಫಾರ್ಮರ್) ಎಷ್ಟು ಗಂಟೆಯೊಳಗೆ ಬದಲಿಸಬೇಕು ಅಂತ ಹೇಳುವವರು ಬೇರೆ. ಅವರೇ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಎಲ್ಲರ ಬಾಯಲ್ಲಿ ಕೆಇಆರ್‌ಸಿ. 1999ರಲ್ಲಿ ಹುಟ್ಟಿದ್ದು, ಬೆಂಗಳೂರಿನಲ್ಲಿ ಕೂರುತ್ತದೆ. ಒಬ್ಬರು ಅಧ್ಯಕ್ಷರು, ಇಬ್ಬರು ಸದಸ್ಯರು, ಅಷ್ಟೇ.

ಗಂಜಿನಲ್ಲಿ, ಅಂದ್ರೆ ದವಸದ ಮಾರುಕಟ್ಟೆಯಲ್ಲಿ, ತೊಗರಿ ಮಾರಿದವರಿಗೆ ಇದು ಬೇಗ ತಿಳಿಯುತ್ತದೆ. ತೂಗುವವರು ಅಡತಿಯವರು. ಅವರ ತಕ್ಕಡಿಗೆ ಮುದ್ರೆ ಒತ್ತುವವರು ಬೇರೆ ಇಲಾಖೆಯವರು. ತೂಗುವವರೇ ಮುದ್ರೆನೂ ಒತ್ತಿಕೊಂಡರೆ ನೀವು ಚೀಲ ಇಳಿಸುತ್ತೀರಾ?

"ಆಯೋಗ ಅಂದ್ರೂ ಸರ್ಕಾರನೇ ಅಲ್ವಾ? ಸುಮ್ನೆ ಬೇರೆ ಹೆಸರು ಯಾಕೆ?"

ಅರ್ಧ ಹೌದು. ನೇಮಿಸುವುದು ಸರ್ಕಾರ. ಆದರೆ ದರದ ತೀರ್ಮಾನ ಆಯೋಗದ್ದು. 2003ರ ವಿದ್ಯುತ್ ಕಾಯ್ದೆ ಪ್ರಕಾರ, ಸಾರ್ವಜನಿಕ ಹಿತದ ನೀತಿ ವಿಷಯದಲ್ಲಿ ಸರ್ಕಾರ ಆಯೋಗಕ್ಕೆ ನಿರ್ದೇಶನ ಕೊಡಬಹುದು. ಆದರೆ ಅದು ಬರವಣಿಗೆಯಲ್ಲಿ ಇರಬೇಕು. ಫೋನ್ ಮಾಡಿ "ಸ್ವಲ್ಪ ನೋಡ್ರಿ" ಅನ್ನುವಂತಿಲ್ಲ.

ಒಂದು ಉದಾಹರಣೆ. 10 ಎಚ್‌ಪಿ ತನಕ ಪಂಪ್‌ಸೆಟ್‌ಗೆ ಕರೆಂಟ್ ಫ್ರೀ, ಗೃಹಜ್ಯೋತಿಯಲ್ಲಿ ಮನೆಗೆ 200 ಯೂನಿಟ್ ತನಕ ಫ್ರೀ. ಇದನ್ನು ಕೊಟ್ಟಿದ್ದು ಸರ್ಕಾರ. ಯಾರಿಗಾದರೂ ಕಡಿಮೆ ದರದಲ್ಲಿ ಕೊಡಬೇಕು ಅಂತ ಸರ್ಕಾರಕ್ಕೆ ಅನ್ನಿಸಿದರೆ, ಆ ದುಡ್ಡನ್ನು ಮುಂಗಡವಾಗಿ ಕಂಪನಿಗೆ ಕಟ್ಟಬೇಕು ಅಂತ ಕಾಯ್ದೆಯ 65ನೇ ಕಲಂ ಹೇಳುತ್ತದೆ. ಇನ್ನೊಂದು ಕಡೆ, ನೌಕರರ ಪಿಂಚಣಿ, ಗ್ರಾಚ್ಯುಯಿಟಿ ಬಾಬ್ತು ಅಂತ 2025ರ ಏಪ್ರಿಲ್ 1ರಿಂದ ಯೂನಿಟ್‌ಗೆ 36 ಪೈಸೆ ಜಾಸ್ತಿ ಬಂತಲ್ಲ, ಅದರ ಆದೇಶ ಹೊರಟಿದ್ದು ಆಯೋಗದಿಂದ. ಆವತ್ತು ಅಂಗಡಿಗೆ ಬಂದವರೆಲ್ಲ ಲೈನ್‌ಮನ್‌ಗೆ ಬೈಯುತ್ತಿದ್ದರು. ಪಾಪ, ಅವನಿಗೂ ಗೊತ್ತಿರಲಿಲ್ಲ.

"ಇಂಥ ಆಯೋಗ ಮತ್ತ ಯಾವ್ಯಾವು ಅದಾವ?"

ಬಹಳ ಇವೆ. ಪ್ಲಾಟು, ಅಪಾರ್ಟ್‌ಮೆಂಟ್ ವ್ಯವಹಾರಕ್ಕೆ ರೇರಾ. ಹೊಗೆ, ಕೊಳಚೆ ನೀರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಬ್ಯಾಂಕಿಗೆ ರಿಸರ್ವ್ ಬ್ಯಾಂಕ್, ಷೇರು ಪೇಟೆಗೆ ಸೆಬಿ, ಮೊಬೈಲ್ ಕಂಪನಿಗಳಿಗೆ ಟ್ರಾಯ್, ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ. ಒಂದೊಂದಕ್ಕೂ ಒಂದೊಂದು ಕಾಯ್ದೆ, ಒಂದೊಂದಕ್ಕೂ ನೇಮಕದ ದಾರಿ ಬೇರೆ. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಬೇಡಿ. ಅರ್ಜಿಗಳಲ್ಲಿ ನಾನು ಜಾಸ್ತಿ ನೋಡುವ ತಪ್ಪು ಇದೇ.

## ಕುರ್ಚಿಗೆ ಬರುವ ದಾರಿ

"ಅಧ್ಯಕ್ಷರನ್ನ ಮುಖ್ಯಮಂತ್ರಿ ಸಾಹೇಬ್ರೇ ಆರಿಸ್ತಾರೇನ್ರಿ?"

ನೇರವಾಗಿ ಅಲ್ಲ. ಕೆಇಆರ್‌ಸಿಗೆ ಮೂರು ಜನರ ಆಯ್ಕೆ ಸಮಿತಿ ಇರುತ್ತದೆ. ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದವರು ಅದರ ಅಧ್ಯಕ್ಷರು. ರಾಜ್ಯದ ಮುಖ್ಯ ಕಾರ್ಯದರ್ಶಿ ಒಬ್ಬ ಸದಸ್ಯರು. ಮೂರನೆಯವರು ದೆಹಲಿಯಿಂದ: ಕೇಂದ್ರ ವಿದ್ಯುತ್ ಪ್ರಾಧಿಕಾರದ ಅಥವಾ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ಅಧ್ಯಕ್ಷರು.

ಈ ಸಮಿತಿ ಒಂದು ಖಾಲಿ ಜಾಗಕ್ಕೆ ಎರಡು ಹೆಸರು ಕೊಡಬೇಕು. ಅದರಲ್ಲಿ ಒಬ್ಬರನ್ನು ಸರ್ಕಾರ ಆರಿಸುತ್ತದೆ. ಹೆಣ್ಣು ನೋಡಲು ಹೋದಾಗ ಹಿರಿಯರು ಎರಡು ಸಂಬಂಧ ತೋರಿಸಿ "ಇವುಗಳಲ್ಲಿ ಒಂದು ಒಪ್ಪು" ಅಂದ ಹಾಗೆ. ಮೂರನೆಯ ಮನೆಗೆ ಹೋಗುವಂತಿಲ್ಲ.

ಇದಕ್ಕೆ ಒಂದು ಬೈಪಾಸ್ ರಸ್ತೆ ಇದೆ. ಹೈಕೋರ್ಟ್ ನ್ಯಾಯಮೂರ್ತಿ ಆಗಿರುವವರನ್ನು ಅಥವಾ ಆಗಿದ್ದವರನ್ನು ಅಧ್ಯಕ್ಷರನ್ನಾಗಿ ಮಾಡುವುದಾದರೆ ಸಮಿತಿ ಬೇಕಿಲ್ಲ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಜೊತೆ ಸಮಾಲೋಚನೆ ಮಾಡಿದರೆ ಸಾಕು.

"ನಾವೇ ವೋಟ್ ಹಾಕಿ ಆರಿಸಬಾರದಾ?"

ಆರಿಸಿದರೆ ಎಲ್ಲ ಅಭ್ಯರ್ಥಿಗಳೂ ಯೂನಿಟ್‌ಗೆ ಒಂದು ರೂಪಾಯಿ ಅಂತ ಪೋಸ್ಟರ್ ಹಚ್ಚುತ್ತಾರೆ. ಆಮೇಲೆ ಟಿಸಿ ಕೊಳ್ಳಲು ಕಂಪನಿ ಹತ್ತಿರ ದುಡ್ಡಿರುವುದಿಲ್ಲ.

"ಯಾವಾಗ್ಲೂ ರಿಟೈರ್ ಆದ ಐಎಎಸ್ ಸಾಹೇಬ್ರೇ ಯಾಕ್ರಿ ಬರ್ತಾರ?"

ಯಾವಾಗಲೂ ಅಲ್ಲ. ಆದರೆ ಕೇಳಿದ್ದರಲ್ಲಿ ಹುರುಳಿದೆ. ಒಂದು ಲೆಕ್ಕ ಹಾಕಿ ನೋಡಿ. ಐಎಎಸ್ ಅಧಿಕಾರಿ ನಿವೃತ್ತಿ ಆಗುವುದು 60ಕ್ಕೆ. ಆಯೋಗದಲ್ಲಿ ಇರಬಹುದಾದ ವಯಸ್ಸು 65ರ ತನಕ. ಹುದ್ದೆಯ ಅವಧಿ 5 ವರ್ಷ. ಅರವತ್ತಕ್ಕೆ ಐದು ಕೂಡಿಸಿದರೆ ಅರವತ್ತೈದು. ದರ್ಜಿ ಅಳತೆ ತಗೊಂಡು ಹೊಲಿದ ಹಾಗೆ ಕೂರುತ್ತದೆ.

ಖಾಸಗಿ ಕಂಪನಿಯಲ್ಲಿ ಹಣಕಾಸು ನೋಡುವ 45 ವರ್ಷದವರನ್ನು ಯೋಚಿಸಿ. ಅವರು 5 ವರ್ಷಕ್ಕೆ ಇಲ್ಲಿ ಬಂದರೆ, ಆಮೇಲೆ ಅದೇ ಹುದ್ದೆಗೆ ಮರುನೇಮಕ ಇಲ್ಲ, ಮುಂದಿನ 2 ವರ್ಷ ವಿದ್ಯುತ್ ಉದ್ಯಮದಲ್ಲಿ ಕೆಲಸವೂ ಇಲ್ಲ. ಐವತ್ತರ ವಯಸ್ಸಿನಲ್ಲಿ ಮನೆಯಲ್ಲಿ ಕೂರಲು ಯಾರು ಬರುತ್ತಾರೆ? ನಿಯಮಗಳು ಒಳ್ಳೆಯ ಉದ್ದೇಶದಿಂದಲೇ ಬಂದವು. ಆದರೆ ನಿವೃತ್ತರಿಗೆ ಅನುಕೂಲವಾಗಿ ಕೂತವು.

ಆಯ್ಕೆ ಸಮಿತಿಯಲ್ಲಿ ಮುಖ್ಯ ಕಾರ್ಯದರ್ಶಿಯೂ ಇರುತ್ತಾರೆ ಅಂದೆನಲ್ಲ. ಅವರ ಮುಂದೆ ಬರುವ ಹೆಸರುಗಳಲ್ಲಿ ಅವರ ಜೊತೆ ಮೂವತ್ತು ವರ್ಷ ಕೆಲಸ ಮಾಡಿದವರೂ ಇರಬಹುದು. ಮುಖ್ಯ ಕಾರ್ಯದರ್ಶಿಯಾಗಿದ್ದವರೇ ಆಯೋಗದ ಅಧ್ಯಕ್ಷರಾಗಿದ್ದೂ ಉಂಟು. ಪಿ. ರವಿಕುಮಾರ್ ಅವರು 2022ರಲ್ಲಿ ಆ ಹುದ್ದೆಯಿಂದ ನಿವೃತ್ತರಾದ ಮೇಲೆ ಕೆಇಆರ್‌ಸಿಗೆ ಬಂದರು. ಇದರಲ್ಲಿ ಕಾನೂನು ತಪ್ಪಿದ್ದು ಏನೂ ಇಲ್ಲ. ಅನುಭವವೂ ದೊಡ್ಡದೇ. ನನ್ನ ತಕರಾರು ವ್ಯಕ್ತಿಯ ಮೇಲಲ್ಲ. ಮೂವತ್ತೈದು ವರ್ಷ ಸರ್ಕಾರದ ಕಡತ ನೋಡಿದವರಿಗೆ, ಸರ್ಕಾರದ್ದೇ ಕಂಪನಿಗೆ "ಆಗಲ್ಲ" ಅನ್ನುವುದು ಕಷ್ಟ ಆಗುವುದಿಲ್ವಾ? ಈ ಪ್ರಶ್ನೆ ಕೇಳುತ್ತಲೇ ಇರಬೇಕು.

"ಅಧ್ಯಕ್ಷರಿಗೆ ವಿದ್ಯುತ್ ಬಗ್ಗೆ ಗೊತ್ತಿರಲೇಬೇಕು ಅಂತ ಕಾನೂನು ಇದೆಯಾ?"

ಇಂಜಿನಿಯರಿಂಗ್, ಹಣಕಾಸು, ವಾಣಿಜ್ಯ, ಅರ್ಥಶಾಸ್ತ್ರ, ಕಾನೂನು, ಆಡಳಿತ ನಿರ್ವಹಣೆ, ಇವುಗಳ ಸಮಸ್ಯೆಗಳನ್ನು ನಿಭಾಯಿಸುವ ತಿಳಿವಳಿಕೆ ಮತ್ತು ಶಕ್ತಿ ಇರಬೇಕು ಅಂತ 84ನೇ ಕಲಂ ಹೇಳುತ್ತದೆ. ಜೊತೆಗೆ ಯೋಗ್ಯತೆ, ಪ್ರಾಮಾಣಿಕತೆ. ಪಟ್ಟಿ ಅಗಲವಾಗಿದೆ. ಟ್ರಾನ್ಸ್‌ಫಾರ್ಮರ್ ಮುಟ್ಟದವರೂ ಬರಬಹುದು.

2018ರಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಪ್ರಕರಣದಲ್ಲಿ ಒಂದು ಗಟ್ಟಿ ಮಾತು ಸೇರಿಸಿತು. ಆಯೋಗ ಕೋರ್ಟಿನ ಹಾಗೆ ವ್ಯಾಜ್ಯ ತೀರ್ಮಾನ ಮಾಡುತ್ತದಾದ್ದರಿಂದ, ಪ್ರತಿ ರಾಜ್ಯದ ಆಯೋಗದಲ್ಲೂ ಕಾನೂನು ಹಿನ್ನೆಲೆಯ ಒಬ್ಬ ಸದಸ್ಯರು ಇರಲೇಬೇಕು. ಅಧ್ಯಕ್ಷರೇ ನ್ಯಾಯಾಧೀಶರಾಗಿರಬೇಕು ಅಂತ ಮಾತ್ರ ಇಲ್ಲ.

"ನಮಗ 371ಜೆ ಅದ ಅಲ್ರಿ. ಆಯೋಗದಾಗ ಕಲ್ಯಾಣ ಕರ್ನಾಟಕದವರು ಒಬ್ಬರಾದ್ರೂ ಇರಬೇಕಲ್ಲ?"

ಇಲ್ಲ. ಸಂವಿಧಾನದ 371ಜೆ ವಿಧಿಯಲ್ಲಿ ನಮ್ಮ ಭಾಗಕ್ಕೆ ಸಿಕ್ಕ ಮೀಸಲಾತಿ ನೌಕರಿಗೆ, ಕಾಲೇಜು ಸೀಟಿಗೆ. ವಿದ್ಯುತ್ ಕಾಯ್ದೆಯ ಅರ್ಹತೆಯಲ್ಲಿ ಪ್ರದೇಶದ ಮಾತೇ ಇಲ್ಲ. ಆಯೋಗಕ್ಕೆ ಸಲಹೆ ಕೊಡಲು 87ನೇ ಕಲಂ ಪ್ರಕಾರ ಹೆಚ್ಚೆಂದರೆ 21 ಜನರ ಸಲಹಾ ಸಮಿತಿ ಇರುತ್ತದೆ. ಅದರಲ್ಲಿ ಕೃಷಿ, ಉದ್ಯಮ, ಗ್ರಾಹಕರು, ಕಾರ್ಮಿಕರ ಪರ ಇರುವವರಿಗೆ ಜಾಗ ಇದೆ. ನಮ್ಮ ಭಾಗದ ಸಂಘಟನೆಗಳು ಜಗಳ ಮಾಡುವುದಾದರೆ ಅಲ್ಲಿ ಮಾಡಬೇಕು.

"ಕೊಳಾರ ಕಡೆಯಿಂದ ರಾತ್ರಿ ಕೆಟ್ಟ ವಾಸನೆ ಬರ್ತದ. ಮಾಲಿನ್ಯ ಮಂಡಳಿಗೆ ಅಧ್ಯಕ್ಷರನ್ನ ಯಾರು ಮಾಡ್ತಾರ?"

ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದ ಬಗ್ಗೆ, ಯಾದಗಿರಿಯ ಕಡೇಚೂರು-ಬಾಡಿಯಾಳದ ಬಗ್ಗೆ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ.

ಇಲ್ಲಿ ದಾರಿ ಬಹಳ ಸಡಿಲ. 1974ರ ಜಲ ಕಾಯ್ದೆ ಪ್ರಕಾರ ಅಧ್ಯಕ್ಷರನ್ನು ರಾಜ್ಯ ಸರ್ಕಾರ ನಾಮನಿರ್ದೇಶನ ಮಾಡುತ್ತದೆ. ಪರಿಸರ ರಕ್ಷಣೆ ವಿಷಯದಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇರಬೇಕು ಅನ್ನುತ್ತದೆ. ನ್ಯಾಯಮೂರ್ತಿ ಇರುವ ಆಯ್ಕೆ ಸಮಿತಿಯ ಮಾತು ಆ ಕಾಯ್ದೆಯಲ್ಲಿ ಇರಲಿಲ್ಲ. ಹೀಗಾಗಿ ದೇಶದ ಹಲವು ರಾಜ್ಯಗಳಲ್ಲಿ ಈ ಕುರ್ಚಿಗೆ ರಾಜಕಾರಣಿಗಳೂ ಬಂದು ಕೂತರು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಗಟ್ಟಿಯಾಗಿ ಹಿಡಿಯಿತು. ಮರುವರ್ಷ ಸುಪ್ರೀಂ ಕೋರ್ಟ್, ಇದು ನ್ಯಾಯಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ ಅಂತ ಆ ಆದೇಶ ತೆಗೆದುಹಾಕಿತು. ಆದರೆ ವಿಷಯ ಗಂಭೀರ ಅಂತ ಒಪ್ಪಿ, 6 ತಿಂಗಳೊಳಗೆ ನೇಮಕದ ನಿಯಮ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. 2024ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, ಅಧ್ಯಕ್ಷರ ನಾಮನಿರ್ದೇಶನ ಹೇಗೆ ಅನ್ನುವ ನಿಯಮ ಮಾಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಈ ತಿದ್ದುಪಡಿ ಎಲ್ಲ ರಾಜ್ಯಗಳಿಗೂ ತಾನಾಗೇ ಹತ್ತುವುದಿಲ್ಲ, ರಾಜ್ಯದ ವಿಧಾನಮಂಡಲ ಒಪ್ಪಬೇಕು.

"ಲೇಔಟ್‌ನಲ್ಲಿ ಪ್ಲಾಟ್ ತಗೊಂಡು ಮೋಸ ಹೋದೆ. ರೇರಾದಲ್ಲಿ ಕೂತವರಾದ್ರೂ ಸರಿ ಇರ್ತಾರಾ?"

ಸರಿ ಇರುತ್ತಾರಾ ಅಂತ ನಾನು ಹೇಗೆ ಹೇಳಲಿ? ಆಯ್ಕೆಯ ದಾರಿ ಹೇಳಬಲ್ಲೆ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಸೂಚಿಸಿದವರು, ವಸತಿ ಇಲಾಖೆ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಈ ಮೂವರ ಸಮಿತಿ ಶಿಫಾರಸು ಮಾಡಬೇಕು. ಅವಧಿ 5 ವರ್ಷ ಅಥವಾ 65 ವಯಸ್ಸು, ಯಾವುದು ಮೊದಲೋ ಅದು. ಮರುನೇಮಕ ಇಲ್ಲ.

"ರಿಸರ್ವ್ ಬ್ಯಾಂಕ್ ಗವರ್ನರ್‌ಗೂ ಆಯ್ಕೆ ಸಮಿತಿ ಇರುತ್ತಾ?" (ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿ ಕೇಳಿದ್ದು)

1934ರ ರಿಸರ್ವ್ ಬ್ಯಾಂಕ್ ಕಾಯ್ದೆಯಲ್ಲಿ ಸಮಿತಿಯ ಮಾತಿಲ್ಲ. ಕೇಂದ್ರ ಸರ್ಕಾರ ನೇಮಿಸುತ್ತದೆ, ಒಂದು ಸಲಕ್ಕೆ 5 ವರ್ಷ ಮೀರುವಂತಿಲ್ಲ, ಮತ್ತೆ ನೇಮಿಸಬಹುದು. ಸೆಬಿ ಅಧ್ಯಕ್ಷರಿಗೆ ಸಂಪುಟ ಕಾರ್ಯದರ್ಶಿ ಮುಂದಾಳತ್ವದ ಸಮಿತಿ ಹೆಸರು ಶಿಫಾರಸು ಮಾಡುತ್ತದೆ. ಮರುನೇಮಕ ಸಿಗಬಹುದು ಅನ್ನುವ ಕುರ್ಚಿಗೂ, ಸಿಗುವುದೇ ಇಲ್ಲ ಅನ್ನುವ ಕುರ್ಚಿಗೂ ವ್ಯತ್ಯಾಸ ಇದೆ. ಮೊದಲನೆಯದರಲ್ಲಿ ಕೊನೆಯ ವರ್ಷ ಕಣ್ಣು ದೆಹಲಿ ಕಡೆ ಹೋಗುವುದು ಮನುಷ್ಯ ಸಹಜ.

## ಕೂತ ಮೇಲೆ ಕೇಳುವವರು ಯಾರು

"ಸರ್ಕಾರ ಬದಲಾದ್ರ ಆಯೋಗದ ಅಧ್ಯಕ್ಷರೂ ಹೋಗ್ತಾರ? ನಿಗಮ-ಮಂಡಳಿಯವರು ಹೋದಂಗ?"

ಹೋಗುವುದಿಲ್ಲ. ನಿಗಮದ ಅಧ್ಯಕ್ಷಗಿರಿ ಸರ್ಕಾರ ಕೊಟ್ಟಿದ್ದು, ಬೇಕೆಂದಾಗ ಒಂದು ಆದೇಶ ಹೊರಡಿಸಿ ತೆಗೆಯುತ್ತದೆ. ಕೆಇಆರ್‌ಸಿ ಸದಸ್ಯರನ್ನು ಹಾಗೆ ತೆಗೆಯಲು ಬರುವುದಿಲ್ಲ. ದಿವಾಳಿ ಆಗಿರಬೇಕು, ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆ ಆಗಿರಬೇಕು, ಕೆಲಸ ಮಾಡಲು ಆಗದ ಸ್ಥಿತಿ ಇರಬೇಕು. ಇಲ್ಲವೇ ಹಣದ ಹಿತಾಸಕ್ತಿ, ಹುದ್ದೆಯ ದುರುಪಯೋಗ, ಸಾಬೀತಾದ ದುರ್ನಡತೆ ಇರಬೇಕು. ಈ ಕೊನೆಯ ಮೂರು ಆರೋಪ ಇದ್ದರೆ, ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಯ ಅಧ್ಯಕ್ಷರು ವಿಚಾರಣೆ ಮಾಡಿ "ತೆಗೆಯಬೇಕು" ಅಂತ ವರದಿ ಕೊಟ್ಟ ಮೇಲೇ ತೆಗೆಯಬಹುದು.

ಈಗ ಮಾಲಿನ್ಯ ಮಂಡಳಿ ನೋಡಿ. ಸರ್ಕಾರಕ್ಕೆ ಸರಿ ಅನ್ನಿಸಿದರೆ, ಕಾರಣ ಕೇಳಿ ನೋಟಿಸ್ ಕೊಟ್ಟು, ಅವಧಿಗೆ ಮೊದಲೇ ಸದಸ್ಯರನ್ನು ತೆಗೆಯಬಹುದು ಅಂತ ಕಾಯ್ದೆಯಲ್ಲೇ ಇದೆ. ಅವಧಿಯೂ 3 ವರ್ಷ ಮಾತ್ರ. ದೊಡ್ಡ ಕಾರ್ಖಾನೆಗೆ ಬೀಗ ಹಾಕಬೇಕಾದ ಅಧ್ಯಕ್ಷರ ಕಾಲ ಕೆಳಗಿನ ನೆಲ ಇಷ್ಟು ಮೆತ್ತಗಿದ್ದರೆ ಹೇಗೆ? ನೇಮಕ ಹೇಗಾಯಿತು ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ತೆಗೆಯುವುದು ಹೇಗೆ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಎರಡನೆಯದೇ ದೊಡ್ಡ ಪ್ರಶ್ನೆ.

"ಒಂದು ಸೀಟು ಖಾಲಿ ಇದ್ರೆ ಆಗ ಮಾಡಿದ ಆದೇಶ ನಡೆಯಲ್ಲ ಅಲ್ವಾ?"

ನಡೆಯುತ್ತದೆ. ಸೀಟು ಖಾಲಿ ಇತ್ತು ಅನ್ನುವ ಒಂದೇ ಕಾರಣಕ್ಕೆ ವಿದ್ಯುತ್ ಆಯೋಗದ ಆದೇಶ ಬೀಳುವುದಿಲ್ಲ ಅಂತ ವಿದ್ಯುತ್ ಕಾಯ್ದೆಯ 93ನೇ ಕಲಂ ಇದೆ. ಆದರೆ ಖಾಲಿ ಬಿಡುವಂತೆಯೂ ಇಲ್ಲ. ಅವಧಿ ಮುಗಿಯುವುದಕ್ಕೆ 6 ತಿಂಗಳು ಮೊದಲೇ ಸರ್ಕಾರ ಆಯ್ಕೆ ಸಮಿತಿಗೆ ವಿಷಯ ಕಳಿಸಬೇಕು. ಸಮಿತಿ 3 ತಿಂಗಳಲ್ಲಿ ಹೆಸರು ಅಂತಿಮ ಮಾಡಬೇಕು. ತಾರೀಖು ಮೊದಲೇ ಗೊತ್ತಿರುವ ನಿವೃತ್ತಿಗೆ ಹುದ್ದೆ ಖಾಲಿ ಬಿದ್ದರೆ, ಯಾರೋ ಕ್ಯಾಲೆಂಡರ್ ನೋಡಿಲ್ಲ ಅಂತಲೇ ಅರ್ಥ.

"ಅವರ ಖರ್ಚು-ವೆಚ್ಚ, ಕೆಲಸ ಯಾರು ನೋಡ್ತಾರ?"

ಲೆಕ್ಕವನ್ನು ಸಿಎಜಿ, ಅಂದರೆ ಮಹಾಲೇಖಪಾಲರ ಕಡೆಯವರು ತಪಾಸಣೆ ಮಾಡುತ್ತಾರೆ. ಆ ವರದಿಯನ್ನೂ ಆಯೋಗದ ವಾರ್ಷಿಕ ವರದಿಯನ್ನೂ ವಿಧಾನಮಂಡಲದ ಮುಂದೆ ಇಡಬೇಕು. ಮುಂದೆ ಇಡುವುದು ಒಂದು, ಓದುವುದು ಇನ್ನೊಂದು. ನಿಮ್ಮ ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಹಾಕಬಹುದು, ಅದಕ್ಕೆ ಸಚಿವರು ಎದ್ದು ನಿಂತು ಉತ್ತರ ಕೊಡಬೇಕು. ಮದುವೆಗೆ ಬಂದ ಶಾಸಕರ ಕೈಗೆ ನಮಸ್ಕಾರದ ಜೊತೆ ಒಂದು ಪ್ರಶ್ನೆಯನ್ನೂ ಬರೆದುಕೊಡಿ. ಒಂದೇ ಪ್ರಶ್ನೆ, ನಾಲ್ಕು ಸಾಲು. ಉದ್ದ ಬರೆದರೆ ಜೇಬಿನಲ್ಲೇ ಉಳಿಯುತ್ತದೆ.

"ಅಮೆರಿಕದಲ್ಲಿ ನೇಮಕಕ್ಕೆ ಮೊದಲೇ ಸೆನೆಟ್ ಮುಂದೆ ಕೂರಿಸಿ ಪ್ರಶ್ನೆ ಕೇಳ್ತಾರಂತೆ. ನಮ್ಮಲ್ಲಿ ಯಾಕಿಲ್ಲ?"

ಅಲ್ಲಿ ಅಧ್ಯಕ್ಷರು ಹೆಸರು ಸೂಚಿಸಿದ ಮೇಲೆ ಸೆನೆಟ್ ಒಪ್ಪಬೇಕು, ಅದಕ್ಕೆ ಟಿವಿ ಕ್ಯಾಮೆರಾ ಮುಂದೆ ಪ್ರಶ್ನೋತ್ತರ. ನಮ್ಮಲ್ಲಿ ನೇಮಕಕ್ಕೆ ಮೊದಲು ಶಾಸನಸಭೆ ಕೇಳುವ ಪದ್ಧತಿ ಇಲ್ಲ. ನೇಮಕ ಆದ ಮೇಲೆ ಸಂಸದೀಯ ಸಮಿತಿಗಳು ಕರೆಸಬಹುದು. ನೋಟು ರದ್ದತಿ ಆದಾಗ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಊರ್ಜಿತ್ ಪಟೇಲ್ ಅವರು 2017ರ ಜನವರಿ 18ರಂದು ಹಣಕಾಸು ಸ್ಥಾಯಿ ಸಮಿತಿ ಮುಂದೆ ಹಾಜರಾದರು. 2024ರ ಅಕ್ಟೋಬರ್ 24ರಂದು ಆಗಿನ ಸೆಬಿ ಅಧ್ಯಕ್ಷೆಯನ್ನು ಲೋಕಸಭೆ-ರಾಜ್ಯಸಭೆಯ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕರೆದಿತ್ತು. ಅವರಿಗೆ ಬರಲಾಗದೆ ಸಭೆ ಮುಂದೂಡಿತು. ಈ ಸಭೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ, ನಿಮಗೆ ನನಗೆ ಕಾಣುವುದಿಲ್ಲ.

ಕೆಲವು ಹುದ್ದೆಗಳಿಗೆ ನಮ್ಮಲ್ಲಿ ಬೇರೆ ಉಪಾಯ ಇದೆ: ಆಯ್ಕೆ ಸಮಿತಿಯಲ್ಲೇ ವಿರೋಧ ಪಕ್ಷದ ನಾಯಕರನ್ನು ಕೂರಿಸುವುದು. ರಾಜ್ಯ ಮಾಹಿತಿ ಆಯುಕ್ತರನ್ನು ಆರಿಸುವ ಸಮಿತಿಯಲ್ಲಿ ಮುಖ್ಯಮಂತ್ರಿ, ಅವರು ಸೂಚಿಸಿದ ಒಬ್ಬ ಸಚಿವರು, ವಿಧಾನಸಭೆಯ ವಿರೋಧ ಪಕ್ಷದ ನಾಯಕರು ಇರುತ್ತಾರೆ. ಎರಡಕ್ಕೆ ಒಂದು, ಮತ ಗೆಲ್ಲುವುದಿಲ್ಲ ನಿಜ. ಆದರೆ ಭಿನ್ನಾಭಿಪ್ರಾಯ ಕಡತದಲ್ಲಿ ಉಳಿಯುತ್ತದೆ. ಅದರ ಬೆಲೆ ಏನು ಅಂತ ಮುಂದಿನ ಉತ್ತರದಲ್ಲಿದೆ.

"ತಪ್ಪು ಮನುಷ್ಯರನ್ನ ಕೂರಿಸಿದ್ರ ಕೋರ್ಟಿಗೆ ಹೋಗಬಹುದೇನ್ರಿ?"

ಹೋಗಬಹುದು. "ಯಾವ ಅಧಿಕಾರದ ಮೇಲೆ ಈ ಕುರ್ಚಿಯಲ್ಲಿ ಕೂತಿದ್ದೀರಿ, ತೋರಿಸಿ" ಅಂತ ಕೇಳುವ ಒಂದು ರಿಟ್ ಇದೆ. ವಕೀಲರು ಕೋ ವಾರಂಟೋ ಅನ್ನುತ್ತಾರೆ. ನಿಮಗೆ ಸ್ವಂತ ನಷ್ಟ ಆಗಿರಲೇಬೇಕು ಅಂತ ಇಲ್ಲ. ಆದರೆ "ಅವರು ಚೆನ್ನಾಗಿ ಕೆಲಸ ಮಾಡಲ್ಲ" ಅಂದರೆ ಕೋರ್ಟ್ ಕೇಳುವುದಿಲ್ಲ. ಕಾನೂನಿನ ಅರ್ಹತೆ ಇಲ್ಲ ಅಥವಾ ನೇಮಕದ ವಿಧಾನ ತಪ್ಪಿದೆ ಅಂತ ತೋರಿಸಬೇಕು. ಹೈಕೋರ್ಟಿನ ಕಾಯಂ ಪೀಠ 2013ರಲ್ಲೇ ಕಲಬುರಗಿಗೆ ಬಂದಿದೆ. ಎಲ್ಲದಕ್ಕೂ ಬೆಂಗಳೂರಿಗೆ ರಾತ್ರಿ ಬಸ್ ಹತ್ತುವ ಕಾಲ ಹೋಯಿತು.

ದೇಶದಲ್ಲಿ ಇಂಥದ್ದರ ದೊಡ್ಡ ಕಥೆ ಪಿ.ಜೆ. ಥಾಮಸ್ ಅವರದು. ಅವರು ಆಗಿದ್ದು ಕೇಂದ್ರ ಜಾಗೃತ ಆಯುಕ್ತರು. ಅದು ನಿಯಂತ್ರಣ ಆಯೋಗ ಅಲ್ಲ, ಆದರೆ ನೇಮಕದ ಪಾಠ ಎಲ್ಲಕ್ಕೂ ಒಂದೇ. 2010ರಲ್ಲಿ ಆಯ್ಕೆ ಸಮಿತಿಯಲ್ಲಿ ಮೂವರಿದ್ದರು: ಪ್ರಧಾನಿ, ಗೃಹ ಸಚಿವರು, ಲೋಕಸಭೆಯ ವಿರೋಧ ಪಕ್ಷದ ನಾಯಕಿ ಸುಷ್ಮಾ ಸ್ವರಾಜ್. ಕೇರಳದ ತಾಳೆ ಎಣ್ಣೆ ಆಮದು ಪ್ರಕರಣದಲ್ಲಿ ಥಾಮಸ್ ಅವರ ಹೆಸರು ಆರೋಪಿಗಳ ಪಟ್ಟಿಯಲ್ಲಿತ್ತು. ಸುಷ್ಮಾ ಒಪ್ಪಲಿಲ್ಲ, ತಮ್ಮ ಅಸಮ್ಮತಿ ಬರೆದಿಟ್ಟರು. ಉಳಿದಿಬ್ಬರ ಬಹುಮತದಿಂದ ನೇಮಕ ಆಯಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಮಾರ್ಚ್ 3ರಂದು ಕೋರ್ಟ್ ನೇಮಕವನ್ನೇ ರದ್ದು ಮಾಡಿತು. ವ್ಯಕ್ತಿ ಪ್ರಾಮಾಣಿಕರೋ ಅಲ್ಲವೋ ಅನ್ನುವುದಷ್ಟೇ ಸಾಲದು, ಆ ಸಂಸ್ಥೆಯ ಮೇಲಿನ ನಂಬಿಕೆ ಉಳಿಯುತ್ತದಾ ಅಂತ ಸಮಿತಿ ನೋಡಬೇಕಿತ್ತು, ಬಾಕಿ ಇದ್ದ ಪ್ರಕರಣದ ಕಾಗದಗಳನ್ನೇ ಸಮಿತಿ ಲೆಕ್ಕಕ್ಕೆ ತಗೊಂಡಿಲ್ಲ ಅಂತ ಹೇಳಿತು. ಸೋತ ಒಂದು ಅಭಿಪ್ರಾಯ ಆರೇ ತಿಂಗಳಲ್ಲಿ ಗೆದ್ದಿತು, ನೋಡಿ.

"ದರದ ಆದೇಶನೇ ತಪ್ಪು ಅನ್ನಿಸಿದರೆ ಎಲ್ಲಿಗೆ ಹೋಗೋದು?"

45 ದಿನದೊಳಗೆ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ. ಅಲ್ಲಿಂದ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ. ಒಬ್ಬರ ಕೈಯಲ್ಲಿ ಆಗುವ ಖರ್ಚಲ್ಲ, ಸಂಘದ ಮೂಲಕ ಹೋಗಿ. ನಿಮ್ಮ ಒಂದು ಮೀಟರಿನ, ಒಂದು ಬಿಲ್ಲಿನ ತಕರಾರಾದರೆ ದಾರಿ ಬೇರೆ: ಮೊದಲು ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲಿ ಆಗದಿದ್ದರೆ ಆಯೋಗ ನೇಮಿಸುವ ಓಂಬುಡ್ಸ್‌ಮನ್. ಅರ್ಜಿಯಲ್ಲಿ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ನಿಮ್ಮ ಸಂಪರ್ಕದ ನಂಬರ್) ಮರೆಯಬೇಡಿ.

"ಇಳಿದ ಮರುದಿನವೇ ಕರೆಂಟ್ ಕಂಪನಿ ಸೇರಿಕೊಂಡ್ರೆ?"

2 ವರ್ಷ ಹಾಗೆ ಸೇರುವಂತಿಲ್ಲ. ಆಯೋಗದ ಮುಂದೆ ಕಕ್ಷಿಯಾಗಿ ಬಂದ ಸಂಸ್ಥೆಯಲ್ಲಿ ನೌಕರಿ, ವಿದ್ಯುತ್ ಉದ್ಯಮದಲ್ಲಿ ನೌಕರಿ, ನಿರ್ದೇಶಕಗಿರಿ, ಸಲಹೆಗಾರಿಕೆ ಎಲ್ಲಕ್ಕೂ ತಡೆ ಇದೆ. ಯಾವುದೇ ವಿದ್ಯುತ್ ಆಯೋಗದ ಮುಂದೆ ಇನ್ನೊಬ್ಬರ ಪರ ನಿಂತು ವಾದಿಸುವಂತೆಯೂ ಇಲ್ಲ.

## ನಮ್ಮ ಕೈಯಲ್ಲಿ ಏನಿದೆ

"ಸಭಾದಾಗ ಮಾತಾಡಿದ್ರ ಏನಾರ ಉಪಯೋಗ ಅದ ಏನ್ರಿ? ಖರೇ ಹೇಳ್ರಿ."

ಖರೇ ಹೇಳುತ್ತೇನೆ. ಹೇಗೆ ಮಾತಾಡುತ್ತೀರಿ ಅನ್ನುವುದರ ಮೇಲಿದೆ.

ದರ ಬದಲಿಸಲು ಕಂಪನಿ ಅರ್ಜಿ ಹಾಕಿದರೆ ಅದನ್ನು ಪೇಪರ್‌ನಲ್ಲಿ ಪ್ರಕಟಿಸಬೇಕು, ಜನರ ಸಲಹೆ-ಆಕ್ಷೇಪಣೆ ನೋಡಬೇಕು, ಅರ್ಜಿ ಬಂದ 120 ದಿನದೊಳಗೆ ಆಯೋಗ ಆದೇಶ ಮಾಡಬೇಕು. ಜೆಸ್ಕಾಂ ದರದ ಮೇಲೆ ಆಯೋಗ ಕಲಬುರಗಿಗೇ ಬಂದು ಅಹವಾಲು ಕೇಳುತ್ತದೆ. ಅಧ್ಯಕ್ಷರು, ಸದಸ್ಯರು ನಿಮ್ಮ ಎದುರಿಗೆ ಕೂರುತ್ತಾರೆ. ನೇಮಕದಲ್ಲಿ ನಮ್ಮ ಕೈ ಇಲ್ಲ. ನೇಮಕ ಆದವರು ನಮ್ಮ ಕಣ್ಣೆದುರು ಕೂರುವುದು ಈ ಒಂದು ದಿನ.

ಒಂದು ಅಹವಾಲಿಗೆ ನನ್ನ ಜೊತೆ ಹಳ್ಳಿಯ ಕಾಕಾ ಒಬ್ಬರು ಬಂದಿದ್ದರು. ಟವೆಲ್ ಗಂಟು ಬಿಚ್ಚಿ, ಸುಟ್ಟು ಕರ್ರಗಾದ ಮೋಟಾರ್ ತಂತಿಯ ಉಂಡೆಯನ್ನು ಮೇಜಿನ ಮೇಲೆ ಇಟ್ಟರು. ವೋಲ್ಟೇಜ್ ಬಗ್ಗೆ, ಮಗನ ಬಗ್ಗೆ, ಒಣಗಿದ ಕಬ್ಬಿನ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಸಭೆಯಲ್ಲಿ ಚಪ್ಪಾಳೆ. ವೇದಿಕೆಯಲ್ಲಿದ್ದವರು "ಇವರ ದೂರು ಬರೆದುಕೊಳ್ಳಿ" ಅಂದರು. ಆಮೇಲೆ ಎದ್ದವರು ಒಬ್ಬ ಹಿಟ್ಟಿನ ಗಿರಣಿಯ ಮಾಲೀಕರು. ಕೈಯಲ್ಲಿ ಒಂದೇ ಹಾಳೆ. "ಈ ಅರ್ಜಿಯ ಈ ಪುಟದಲ್ಲಿ ಕರೆಂಟ್ ಸೋರಿಕೆ ಇಷ್ಟು ಅಂತ ಬರೆದಿದ್ದೀರಿ. ಹೋದ ಸಲದ ಆದೇಶದಲ್ಲಿ ಇದಕ್ಕಿಂತ ಕಡಿಮೆ ಮಾಡಿ ಅಂತ ಇತ್ತು. ಜಾಸ್ತಿ ಆದದ್ದರ ದುಡ್ಡು ನಾವ್ಯಾಕೆ ಕೊಡಬೇಕು?" ಅಂತ ಕೇಳಿ ಕೂತುಬಿಟ್ಟರು. ಚಪ್ಪಾಳೆ ಬೀಳಲಿಲ್ಲ. ಎದುರಿನ ಸಾಲಿನಲ್ಲಿ ಮೂರು ಜನ ಅಧಿಕಾರಿಗಳು ಒಟ್ಟಿಗೆ ಪುಟ ತಿರುವಲು ಶುರು ಮಾಡಿದರು. ಆ ಸದ್ದು ನನಗೆ ಇನ್ನೂ ನೆನಪಿದೆ.

ಕಾಕಾನ ನೋವು ಸುಳ್ಳಲ್ಲ. ಆದರೆ ಅದರ ಜಾಗ ಕುಂದುಕೊರತೆ ವೇದಿಕೆ. ಹಳ್ಳಿಯಲ್ಲಿ ಟಿಸಿ ಸುಟ್ಟರೆ 72 ಗಂಟೆ, ಪಟ್ಟಣದಲ್ಲಿ 24 ಗಂಟೆ ಅಂತ ಆಯೋಗವೇ ಗಡುವು ಇಟ್ಟಿದೆ. ದರದ ಸಭೆಯಲ್ಲಿ ದರದ ಲೆಕ್ಕ ಕೇಳಿ. ಬರವಣಿಗೆಯಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಆದೇಶದ ಪುಸ್ತಕದಲ್ಲಿ ಆಕ್ಷೇಪಣೆ, ಅದಕ್ಕೆ ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ಅಚ್ಚಾಗುತ್ತವೆ. ಎಷ್ಟು ಪ್ರತಿ ಕೊಡಬೇಕು, ಪ್ರಮಾಣಪತ್ರ ಬೇಕಾ ಅನ್ನುವುದು ನೋಟಿಸ್‌ನಲ್ಲೇ ಇರುತ್ತದೆ, ಪೂರ್ತಿ ಓದಿ. ನಾನು ಬರೆದ ಮೊದಲ ಆಕ್ಷೇಪಣೆಗೆ ಪ್ರಮಾಣಪತ್ರ ಹಚ್ಚುವುದನ್ನೇ ಮರೆತಿದ್ದೆ. ಬರೆಸಿದವರು ಇವತ್ತಿಗೂ ಚಹಾ ಕುಡಿಯುವಾಗ ಅದನ್ನೇ ಎತ್ತುತ್ತಾರೆ.

"ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿ ಸಭಾದಾಗ ಡಿಸಿ ಸಾಹೇಬ್ರು ಕೂತಿದ್ರು. ಅವರೇ ಮಂಡಳಿ ಅಧ್ಯಕ್ಷರಾ?"

ಅಲ್ಲ. ಸೇಡಂ, ಚಿತ್ತಾಪುರ ಕಡೆ ಸುಣ್ಣದ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಗಳಿಗೆ ನಡೆಯುವುದು ಪರಿಸರ ಅನುಮತಿಯ ಅಹವಾಲು. 2006ರ ಅಧಿಸೂಚನೆ ಪ್ರಕಾರ ಮಾಲಿನ್ಯ ಮಂಡಳಿ ಏರ್ಪಾಡು ಮಾಡುತ್ತದೆ, ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ಮಟ್ಟದವರು ಮುಂದೆ ಕೂರುತ್ತಾರೆ. 30 ದಿನ ಮೊದಲೇ ನೋಟಿಸ್ ಕೊಡಬೇಕು, ಪೂರ್ತಿ ವಿಡಿಯೊ ಆಗಬೇಕು. ಅಲ್ಲಿ ಕೂತವರು ಅನುಮತಿ ಕೊಡುವುದಿಲ್ಲ, ನೀವು ಹೇಳಿದ್ದನ್ನು ಬರೆದು ಮೇಲೆ ಕಳಿಸುತ್ತಾರೆ. ಅದಕ್ಕೇ ನಡಾವಳಿಯಲ್ಲಿ ನಿಮ್ಮ ಮಾತು ಸರಿಯಾಗಿ ಬಂದಿದೆಯಾ ಅಂತ ನೋಡದೆ ಎದ್ದು ಬರಬೇಡಿ.

"ನೇಮಕದ ಫೈಲು ನಾವು ನೋಡಬಹುದಾ?"

ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. 30 ದಿನದೊಳಗೆ ಉತ್ತರ ಬರಬೇಕು. "ಯಾಕೆ ಇವರನ್ನೇ ನೇಮಿಸಿದ್ದೀರಿ?" ಅಂತ ಕೇಳಿದರೆ ಉತ್ತರ ಬರುವುದಿಲ್ಲ, "ಯಾಕೆ" ಅನ್ನುವುದು ದಾಖಲೆ ಅಲ್ಲ. ಆಯ್ಕೆ ಸಮಿತಿ ರಚಿಸಿದ ಆದೇಶದ ಪ್ರತಿ, ಸಭೆಯ ನಡಾವಳಿ, ಸಮಿತಿ ಕಳಿಸಿದ ಹೆಸರುಗಳ ಪಟ್ಟಿ, ಹಿತಾಸಕ್ತಿ ಇಲ್ಲ ಅಂತ ಪರಿಶೀಲಿಸಿದ ದಾಖಲೆ, ಹೀಗೆ ಕಾಗದದ ಹೆಸರು ಹಿಡಿದು ಕೇಳಿ. ಮಾಹಿತಿ ಆಯುಕ್ತರ ನೇಮಕದ ವಿಷಯದಲ್ಲಂತೂ 2019ರಲ್ಲಿ ಸುಪ್ರೀಂ ಕೋರ್ಟ್, ಹೆಸರು ಸೋಸುವ ಮಾನದಂಡಗಳನ್ನೇ ಜನರ ಮುಂದೆ ಇಡಿ ಅಂತ ಹೇಳಿದೆ. ಅದನ್ನು ಅರ್ಜಿಯ ಕೊನೆಗೆ ಒಂದು ಸಾಲು ಸೇರಿಸಿದರೆ ನಷ್ಟವಿಲ್ಲ, 150 ಪದ ಮೀರದಿದ್ದರೆ.

"ನಾ ಇಂಜಿನಿಯರ್ ಆಗಿ ರಿಟೈರ್ ಆಗೀನಿ, ಈಗ 62. ಸದಸ್ಯ ಆಗ್ಲಿಕ್ಕೆ ನಾನೂ ಅರ್ಜಿ ಹಾಕಬಹುದೇನ್ರಿ?" (ಬೀದರ್‌ನಿಂದ)

ಹಾಕಬಹುದು ಸರ್. ಅರ್ಹತೆಯ ಪಟ್ಟಿಯಲ್ಲಿ ಮೊದಲು ಬರುವುದೇ ಇಂಜಿನಿಯರಿಂಗ್. ಆಯ್ಕೆ ಆದರೆ 65ಕ್ಕೆ ಇಳಿಯಬೇಕಾದ್ದರಿಂದ ನಿಮಗೆ ಸಿಗುವುದು ಮೂರು ವರ್ಷ. ಬೇರೆ ಯಾವ ಹುದ್ದೆಯಲ್ಲೂ ಇರುವಂತಿಲ್ಲ. ಕೆಲಸಕ್ಕೆ ಅಡ್ಡ ಬರುವಂಥ ಹಣದ ಅಥವಾ ಬೇರೆ ಹಿತಾಸಕ್ತಿ ಇಲ್ಲ ಅಂತ ಸಮಿತಿಗೆ ಮನವರಿಕೆ ಆಗಬೇಕು, ಹಾಗಾಗಿ ಅಳಿಯಂದಿರಿಗೆ ಸೋಲಾರ್ ಕಾಂಟ್ರಾಕ್ಟ್ ಲೈಸೆನ್ಸ್ ಇದ್ದರೆ ಆ ವಿಷಯ ಮೊದಲೇ ಬರೆದುಬಿಡಿ. ಬಯೋಡೇಟಾ ಟೈಪ್ ಮಾಡಿಸಲು ಭಾನುವಾರ ಬರಬೇಡಿ, ಅಂಗಡಿ ರಜೆ.